ಪೌರನ ಮುಂದಿಟ್ಟ ಪ್ರಶ್ನೆ: ಅಮೆರಿಕದ ಪಶ್ಚಿಮ ತೀರದಲ್ಲಿ ಮತದಾರರ ಪುಸ್ತಿಕೆ ಬೆಳೆದುಬಂದ ಬಗೆ

೧

ಪುರಸಭೆಯ ಚುನಾವಣೆ ಎಂದೊಡನೆ ನಮ್ಮ ನಾಡಿನ ಓದುಗರ ಮನಸ್ಸಿಗೆ ಬರುವುದು ವ್ಯಕ್ತಿಗಳ ಆಯ್ಕೆ. ವಾರ್ಡಿಗೊಂದು ಸ್ಥಾನ, ಆ ಸ್ಥಾನಕ್ಕೆ ಹಲವರು ಅಭ್ಯರ್ಥಿಗಳು, ಅವರಿಗೊಂದೊಂದು ಚಿಹ್ನೆ. ಮತದಾರನು ಅವರಲ್ಲಿ ಒಬ್ಬನನ್ನು ಆರಿಸಿ ಮನೆಗೆ ಹಿಂದಿರುಗುತ್ತಾನೆ. ಊರಿಗೆ ನೀರನ್ನು ಎಲ್ಲಿಂದ ತರಬೇಕು, ಅದಕ್ಕಾಗಿ ಎಷ್ಟು ಸಾಲವೆತ್ತಬೇಕು, ಹೊಸ ತೆರಿಗೆಯನ್ನು ವಿಧಿಸಬೇಕೆ ಬೇಡವೆ ಎಂಬ ವಿಷಯಗಳ ನಿರ್ಣಯ ಆರಿಸಿಹೋದವರಿಗೆ ಸೇರಿದ್ದು. ಅಮೆರಿಕ ಸಂಯುಕ್ತ ಸಂಸ್ಥಾನಗಳ, ಅದರಲ್ಲಿಯೂ ಪಶ್ಚಿಮ ಸಮುದ್ರ ತೀರದ, ನಗರಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರುಗಳ ಜೊತೆಗೆ ಪ್ರಶ್ನೆಗಳೂ ಅಚ್ಚಾಗಿರುತ್ತವೆ. ಇಂಥ ಕೆಲಸಕ್ಕೆ ನಗರವು ಇಷ್ಟು ಸಾಲ ಮಾಡಬಹುದೆ, ನಗರದ ಸನದಿನ ಇಂಥ ವಿಧಿಯನ್ನು ತಿದ್ದಬಹುದೆ ಎಂದು ಕೇಳಿದ ಪ್ರಶ್ನೆಗೆ ಪೌರನು 'ಹೌದು' ಅಥವಾ 'ಅಲ್ಲ' ಎಂದು ತಾನೇ ಉತ್ತರ ಕೊಡುತ್ತಾನೆ. ಅವನ ಉತ್ತರವೇ ಕಾನೂನು.

ವ್ಯಕ್ತಿಯನ್ನು ಆರಿಸುವುದಕ್ಕೂ ಪ್ರಶ್ನೆಗೆ ಉತ್ತರ ಕೊಡುವುದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ವ್ಯಕ್ತಿಯ ನಡತೆಯನ್ನು ನೆರೆಹೊರೆಯವರು ಬಲ್ಲರು. ಅವನು ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ತಿದ್ದಿಕೊಳ್ಳಬಹುದು. ನಲವತ್ತು ವರ್ಷಗಳಲ್ಲಿ ತೀರಬೇಕಾದ ಸಾಲದ ವಿಚಾರ ಹಾಗಲ್ಲ. ಅದನ್ನು ತಿಳಿಯಲು ಲೆಕ್ಕ ಬೇಕು, ನಕ್ಷೆ ಬೇಕು, ಕಾನೂನಿನ ಪರಿಚಯ ಬೇಕು. ಕೂಲಿ ಮಾಡುವವನಿಗೂ ಅಂಗಡಿಯವನಿಗೂ ಇವನ್ನು ಒದಗಿಸುವವರು ಯಾರು? ಒದಗಿಸುವವರಿಗೆ ಅದರಲ್ಲಿ ಸ್ವಂತ ಲಾಭವಿದ್ದರೆ ಅದನ್ನು ತಿಳಿಯುವ ಬಗೆ ಹೇಗೆ? ಜನರಿಗೆ ನಿರ್ಣಯದ ಅಧಿಕಾರವನ್ನು ಕೊಟ್ಟ ಸಂಸ್ಥಾನಗಳು ಈ ಪ್ರಶ್ನೆಗಳಿಗೆ ಉತ್ತರವನ್ನು ಒಮ್ಮೆಗೇ ಕಂಡುಕೊಳ್ಳಲಿಲ್ಲ. ಹಲವು ಚುನಾವಣೆಗಳ ಅನುಭವದಿಂದ ಒಂದೊಂದಾಗಿ ಕಂಡುಕೊಂಡವು. ಆ ಅನುಭವದ ಮುಖ್ಯ ಘಟ್ಟಗಳನ್ನು ಲಾಸ್ ಏಂಜಲೀಸ್, ಆರಿಗನ್, ಸ್ಯಾನ್ ಫ್ರಾನ್ಸಿಸ್ಕೊ ಈ ಮೂರು ಎಡೆಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಜನರೇ ನೇರವಾಗಿ ಶಾಸನವನ್ನು ಒಪ್ಪುವ ಅಥವಾ ತಳ್ಳಿಹಾಕುವ ಪದ್ಧತಿಗೆ ಆಧುನಿಕ ಕಾಲದಲ್ಲಿ ಮಾದರಿಯಾದುದು ಸ್ವಿಟ್ಜರ್ಲೆಂಡ್. ಶಾಸನಸಭೆ ಮಾಡಿದ ಕಾನೂನನ್ನು ಜನರ ಮುಂದಿಡುವ ಜನಮತಗಣನೆ, ಎಂದರೆ ರೆಫರೆಂಡಂ, ೧೮೭೪ರ ಸಂವಿಧಾನದಿಂದ ಆ ದೇಶದ ಒಕ್ಕೂಟದಲ್ಲಿ ನೆಲೆಗೊಂಡಿತು. ಸಂವಿಧಾನದ ತಿದ್ದುಪಡಿಯನ್ನು ಜನರೇ ಬರೆದು ಮುಂದಿಡುವ ಜನೋಪಕ್ರಮ, ಎಂದರೆ ಇನಿಶಿಯೇಟಿವ್, ೧೮೯೧ರಲ್ಲಿ ಬಂದಿತು. ಈ ಪದ್ಧತಿಗಳನ್ನು ಕುರಿತು ಜೇಮ್ಸ್ ಸಲಿವನ್ ಎಂಬ ಅಮೆರಿಕದ ಕಾರ್ಮಿಕ ಪಕ್ಷಪಾತಿ ಬರೆದ ಪುಸ್ತಕವು ೧೮೯೦ರ ದಶಕದ ಆರಂಭದಲ್ಲಿ ಬಹು ಜನರ ಕೈಗೆ ಸೇರಿತು. ಅದನ್ನು ಓದಿದವರಲ್ಲಿ ಆರಿಗನ್ ಸಂಸ್ಥಾನದ ವಿಲಿಯಂ ಯುರೆನ್ ಒಬ್ಬನು. ಕಮ್ಮಾರಿಕೆಯನ್ನು ಮಾಡಿ, ಅನಂತರ ವಕೀಲನಾದ ಈತನು ದೊಡ್ಡ ಅಧಿಕಾರವನ್ನು ಎಂದೂ ವಹಿಸಿದವನಲ್ಲ. ೧೯೧೪ರಲ್ಲಿ ಗವರ್ನರ್ ಪದವಿಗೆ ನಿಂತು ಸೋತನು. ಆದರೂ ಜನರ ನೇರ ಶಾಸನಾಧಿಕಾರಕ್ಕಾಗಿ ಹತ್ತು ವರ್ಷ ಬಿಡದೆ ದುಡಿದನು. ೧೯೦೨ರ ಜೂನ್ ತಿಂಗಳಿನಲ್ಲಿ ಆರಿಗನ್ನಿನ ಮತದಾರರು ೬೨,೦೨೪ಕ್ಕೆ ೫,೬೬೮ ಮತಗಳಂತೆ ಈ ಎರಡು ಅಧಿಕಾರಗಳನ್ನೂ ತಮ್ಮ ಸಂವಿಧಾನದಲ್ಲಿ ಸೇರಿಸಿಕೊಂಡರು. ೧೯೦೬ರಲ್ಲಿ ಅವು ಅಲ್ಲಿನ ನಗರಗಳಿಗೂ ಪಟ್ಟಣಗಳಿಗೂ ವಿಸ್ತರಿಸಿದವು.

ಕ್ಯಾಲಿಫೋರ್ನಿಯದಲ್ಲಿ ಕ್ರಮವು ಇದಕ್ಕೆ ವಿಪರೀತವಾಗಿತ್ತು. ಅಲ್ಲಿ ನಗರಗಳು ಮುಂದೆ ನಡೆದವು, ಸಂಸ್ಥಾನವು ಹಿಂದಿನಿಂದ ಬಂದಿತು. ೧೮೯೮ರಲ್ಲಿ ಒಪ್ಪಿದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸನದಿನಲ್ಲಿ ಜನೋಪಕ್ರಮವೂ ಜನಮತಗಣನೆಯೂ ಇದ್ದವು. ಡಾಕ್ಟರ್ ಜಾನ್ ರಾಂಡಾಲ್ಫ್ ಹೇನ್ಸ್ ಎಂಬ ವೈದ್ಯನ ಪ್ರಯತ್ನದಿಂದ ೧೯೦೩ರಲ್ಲಿ ಇವೆರಡೂ, ಇವುಗಳ ಜೊತೆಗೆ ಆರಿಸಿದವನನ್ನು ಅವಧಿಗೆ ಮೊದಲೇ ಹಿಂದಕ್ಕೆ ಕರೆಸುವ ಅಧಿಕಾರವೂ, ಲಾಸ್ ಏಂಜಲೀಸ್ ನಗರದ ಸನದಿಗೆ ಸೇರಿದವು. ಸಂಸ್ಥಾನವಾದರೋ ಗವರ್ನರ್ ಹೈರಮ್ ಜಾನ್ಸನ್ನನ ಕಾಲದಲ್ಲಿ, ೧೯೧೧ರ ಅಕ್ಟೋಬರ್ ೧೦ರಂದು, ಇದೇ ದಾರಿಯನ್ನು ಹಿಡಿಯಿತು. ಆ ದಿನ ಮತದಾರರ ಮುಂದೆ ೨೩ ತಿದ್ದುಪಡಿಗಳಿದ್ದವು; ಅವುಗಳಲ್ಲಿ ೨೨ ಗೆದ್ದವು.

ಇದಕ್ಕೂ ಹಿಂದಿನಿಂದ ಬಂದ ಮತ್ತೊಂದು ನಿಯಮವನ್ನು ಇಲ್ಲಿ ನೆನೆಯಬೇಕು. ನಗರಗಳು ಮಿತಿಮೀರಿ ಸಾಲ ಮಾಡಬಾರದೆಂದು ಕ್ಯಾಲಿಫೋರ್ನಿಯದ ೧೮೭೯ರ ಸಂವಿಧಾನವು ಒಂದು ಕಟ್ಟು ಹಾಕಿತು. ವರ್ಷದ ವರಮಾನಕ್ಕೆ ಮೀರಿದ ಸಾಲಕ್ಕೆ ಮತದಾರರ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆ ಬೇಕು. ಆದಕಾರಣ ನೀರು, ವಿದ್ಯುತ್ತು, ಬಂದರು, ಶಾಲೆ ಮುಂತಾಗಿ ಊರಿನ ಬೆಳವಣಿಗೆಗೆ ಬೇಕಾದ ಪ್ರತಿಯೊಂದು ದೊಡ್ಡ ಕೆಲಸವೂ ಪ್ರಶ್ನೆಯ ರೂಪದಲ್ಲಿ ಪೌರನ ಮುಂದೆ ಬಂದು ನಿಲ್ಲಲೇಬೇಕಾಯಿತು. ಮತದಾರನ ತಿಳಿವಳಿಕೆಯ ಪ್ರಶ್ನೆ ಹುಟ್ಟಿದ್ದು ಹೀಗೆ.

೩

ಲಾಸ್ ಏಂಜಲೀಸ್ ನಗರದ ೧೯೦೫ರ ಪ್ರಸಂಗವು ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ೧೯೦೦ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ೧,೦೨,೪೭೯. ಅದು ಬಹು ಬೇಗ ಬೆಳೆಯುತ್ತಿತ್ತು. ಊರಿನ ಸಣ್ಣ ನದಿಯ ನೀರು ಮುಂದೆ ಸಾಲದೆಂಬ ಅಂಜಿಕೆಯಿತ್ತು. ನೀರಿನ ಇಲಾಖೆಯ ಮುಖ್ಯಸ್ಥ ವಿಲಿಯಂ ಮಲ್‌ಹಾಲೆಂಡ್ ಮತ್ತು ಹಿಂದೆ ನಗರಾಧ್ಯಕ್ಷನಾಗಿದ್ದ ಫ್ರೆಡ್ ಈಟನ್ ಇವರ ಕಣ್ಣು ಇನ್ನೂರು ಮೈಲಿಗಳಾಚೆ, ಸಿಯೆರಾ ನೆವಾಡ ಪರ್ವತಗಳ ಪೂರ್ವದಲ್ಲಿರುವ ಓವೆನ್ಸ್ ಕಣಿವೆಯ ನದಿಯ ಮೇಲೆ ಬಿದ್ದಿತು. ಬೆಲೆ ಏರೀತೆಂಬ ಕಾರಣದಿಂದ ಈಟನ್ನನು ಅಲ್ಲಿನ ಜಮೀನನ್ನೂ ನೀರಿನ ಹಕ್ಕನ್ನೂ ಗುಟ್ಟಾಗಿ ಕೊಳ್ಳತೊಡಗಿದನು. ನಗರದ ಪತ್ರಿಕೆಗಳ ಸಂಪಾದಕರಿಗೆ ವಿಷಯ ಗೊತ್ತಿತ್ತು. ಎಲ್ಲವೂ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲವೆಂದು ಅವರು ಒಪ್ಪಿಕೊಂಡಿದ್ದರು. ೧೯೦೫ರ ಜುಲೈ ೨೯ರಂದು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ಆ ಒಪ್ಪಂದವನ್ನು ಮುರಿದು ಸುದ್ದಿಯನ್ನು ಹೊರಗೆಡಹಿತು. ಪ್ರಾರಂಭದ ವೆಚ್ಚಕ್ಕಾಗಿ ೧೫ ಲಕ್ಷ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಲು ಒಪ್ಪಿಗೆ ಕೇಳುವ ಮತದಾನವು ಸೆಪ್ಟೆಂಬರ್ ೭ಕ್ಕೆ ಗೊತ್ತಾಯಿತು. ಎಂದರೆ ಪೌರನಿಗೆ ವಿಷಯ ಕಿವಿಗೆ ಬಿದ್ದ ದಿನದಿಂದ ಉತ್ತರ ಕೊಡಬೇಕಾದ ದಿನಕ್ಕೆ ನಲವತ್ತು ದಿನಗಳ ಅಂತರ.

ಈ ನಲವತ್ತು ದಿನಗಳಲ್ಲಿ ಪೌರನಿಗೆ ತಿಳಿವಳಿಕೆ ಕೊಟ್ಟವರು ಯಾರು? ಮುಖ್ಯವಾಗಿ ಪತ್ರಿಕೆಗಳು. ಯೋಜನೆಯನ್ನು ಅತ್ಯುತ್ಸಾಹದಿಂದ ಎತ್ತಿಹಿಡಿದ ಟೈಮ್ಸ್ ಪತ್ರಿಕೆಯ ಒಡೆಯ ಹ್ಯಾರಿಸನ್ ಗ್ರೇ ಓಟಿಸ್. ಆದರೆ ಓಟಿಸ್ ಕೇವಲ ಪತ್ರಿಕೆಯ ಒಡೆಯನಾಗಿರಲಿಲ್ಲ. ನಗರದ ವಾಯವ್ಯಕ್ಕಿರುವ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಸುಮಾರು ೧೬,೦೦೦ ಎಕರೆ ಒಣ ಭೂಮಿಯನ್ನು ಹಿಡಿದಿದ್ದ ಒಂದು ಕೂಟದಲ್ಲಿ ಅವನೂ ಪಾಲುದಾರನಾಗಿದ್ದನು. ಮತ್ತೊಂದು ಪತ್ರಿಕೆಯಾದ 'ಎಕ್ಸ್‌ಪ್ರೆಸ್'ನ ಒಡೆಯ ಎಡ್ವಿನ್ ಅರ್ಲ್, ರೈಲ್ವೆಯ ಧನಿಕ ಹೆನ್ರಿ ಹಂಟಿಂಗ್‌ಟನ್, ನಗರದ ನೀರಿನ ಮಂಡಲಿಯಲ್ಲಿಯೇ ಸದಸ್ಯನಾಗಿದ್ದ ಮೋಸೆಸ್ ಶರ್ಮನ್ ಇವರೂ ಅದರಲ್ಲಿದ್ದರು. ಓವೆನ್ಸ್ ನದಿಯ ನೀರು ನಗರಕ್ಕೆ ಬರುವುದು ಈ ಕಣಿವೆಯ ಮೂಲಕವೇ. ನೀರು ಬಂದರೆ ಭೂಮಿಯ ಬೆಲೆ ಎಷ್ಟು ಪಟ್ಟು ಏರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಸಂಬಂಧವನ್ನು ಬಯಲಿಗೆಳೆದುದು ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ 'ಎಕ್ಸಾಮಿನರ್' ಪತ್ರಿಕೆ. ಆಗಸ್ಟ್ ತಿಂಗಳಿನಲ್ಲಿ ಅದು ಭೂಮಿಯ ಕೂಟದ ಪಾಲುದಾರರ ಹೆಸರುಗಳನ್ನು ಪ್ರಕಟಿಸಿತು. ಟೈಮ್ಸ್ ಪತ್ರಿಕೆಯ ಪ್ರತಿಸ್ಪರ್ಧಿಯಾದುದರಿಂದ ಅದಕ್ಕೂ ಇದರಲ್ಲಿ ಸ್ವಾರ್ಥವಿತ್ತೆಂಬುದನ್ನು ಮರೆಯಬಾರದು. ಮತದಾನಕ್ಕೆ ಕೆಲವೇ ದಿನಗಳಿರುವಾಗ ಹರ್ಸ್ಟ್ ತಾನೇ ನಗರಕ್ಕೆ ಬಂದನು. ಪ್ರಮುಖರೊಡನೆ ಮಾತುಕತೆಯಾದ ಮೇಲೆ ಅವನ ಪತ್ರಿಕೆಯ ಧೋರಣೆ ಬದಲಾಗಿ ಅದೂ ಸಾಲದ ಪರವಾಗಿ ಬರೆಯಿತು. ಫಲಿತಾಂಶ: ಪರವಾಗಿ ೧೦,೭೮೭, ವಿರೋಧವಾಗಿ ೭೫೫. ಕಾಲುವೆಯನ್ನು ಕಟ್ಟಲು ಬೇಕಾದ ೨ ಕೋಟಿ ೩೦ ಲಕ್ಷ ಡಾಲರುಗಳ ಸಾಲವನ್ನು ೧೯೦೭ರಲ್ಲಿ ಜನರು ಅಷ್ಟೇ ಸುಲಭವಾಗಿ ಒಪ್ಪಿದರು. ೧೯೧೩ರ ನವೆಂಬರ್ ೫ರಂದು ೨೩೩ ಮೈಲಿಗಳ ಕಾಲುವೆಯಲ್ಲಿ ನೀರು ಹರಿದುಬಂದಿತು.

ಕೂಟದ ಲಾಭಕ್ಕಾಗಿಯೇ ಇಡೀ ಯೋಜನೆಯನ್ನು ಹೂಡಲಾಯಿತೆಂದು ಕೆಲವರು ವಾದಿಸಿದ್ದಾರೆ. ನಗರಕ್ಕೆ ನೀರಿನ ಅಗತ್ಯ ನಿಜವಾಗಿಯೇ ಇತ್ತು, ಕೂಟದವರು ಅದರ ಪ್ರಯೋಜನವನ್ನು ಪಡೆದರಷ್ಟೆ ಎಂದು ಇತರ ಇತಿಹಾಸಕಾರರು ಹೇಳುತ್ತಾರೆ. ಈ ವಿವಾದವನ್ನು ಇಲ್ಲಿ ತೀರ್ಮಾನಿಸಬೇಕಾದುದಿಲ್ಲ. ಎರಡು ಪಕ್ಷಗಳೂ ಒಪ್ಪುವ ಸಂಗತಿಯೇ ನಮಗೆ ಸಾಕು. ತಿಳಿವಳಿಕೆ ಕೊಡುವವನ ಸ್ವಂತ ಹಿತವು ಏನೆಂಬುದು ಮತದಾರನಿಗೆ ತಿಳಿದದ್ದು ಮತ್ತೊಬ್ಬ ಪತ್ರಿಕೋದ್ಯಮಿಯ ಹಗೆತನದಿಂದ. ಆ ಹಗೆತನ ತಣ್ಣಗಾದೊಡನೆ ವಿರೋಧ ಪಕ್ಷದ ಮಾತನ್ನು ಆಡುವ ದೊಡ್ಡ ದನಿ ಉಳಿಯಲಿಲ್ಲ. ವಿರೋಧದ ವಾದವನ್ನು ಪ್ರತಿಯೊಬ್ಬ ಮತದಾರನಿಗೂ ಮುಟ್ಟಿಸುವ ವ್ಯವಸ್ಥೆ ಕಾನೂನಿನಲ್ಲಿ ಇರಲಿಲ್ಲ.

೪

ಇಂಥ ವ್ಯವಸ್ಥೆಯನ್ನು ಹುಡುಕುವ ಕೆಲಸ ಅದೇ ವರ್ಷಗಳಲ್ಲಿ ಉತ್ತರದ ಆರಿಗನ್ನಿನಲ್ಲಿ ನಡೆಯುತ್ತಿತ್ತು. ಜನರ ಮುಂದೆ ಬರುವ ಮಸೂದೆಗಳ ಪೂರ್ಣ ಪಾಠವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಮತದಾರರಿಗೆ ಅಂಚೆಯಲ್ಲಿ ಕಳುಹಿಸುವ ಹೊಣೆಯನ್ನು ಅಲ್ಲಿ ಸಂಸ್ಥಾನವೇ ಹೊತ್ತಿತು. ೧೯೦೭ರ ಕಾನೂನು ಇದನ್ನು ಇನ್ನಷ್ಟು ಕ್ರಮಪಡಿಸಿತು. ಮಸೂದೆಯ ಪರವಾಗಿ ವಾದಿಸುವವರೂ ವಿರೋಧಿಸುವವರೂ ತಮ್ಮ ವಾದಗಳನ್ನು ಬರೆದು ಕೊಡಬಹುದು. ಕಾಗದದ ಮತ್ತು ಮುದ್ರಣದ ವೆಚ್ಚವನ್ನು ಅವರು ಭರಿಸಬೇಕು. ಹಂಚುವ ವೆಚ್ಚ ಸಂಸ್ಥಾನದ್ದು. ಎರಡು ಪಕ್ಷಗಳ ಮಾತೂ ಒಂದೇ ರಟ್ಟಿನೊಳಗೆ, ಒಂದೇ ಅಚ್ಚಿನಲ್ಲಿ, ಒಂದೇ ಅಂಚೆಯಲ್ಲಿ ಮತದಾರನ ಮನೆಗೆ ಹೋಗಬೇಕೆಂಬುದೇ ಇದರ ತತ್ತ್ವ. ಬರೆದವರ ಹೆಸರೂ ಅದರೊಡನೆ ಹೋಗುತ್ತಿತ್ತು.

ಈ ಪುಸ್ತಿಕೆಯಿಂದ ಬಂದ ಒಂದು ಫಲವನ್ನು ವಿಶೇಷವಾಗಿ ಗಮನಿಸಬೇಕು. ಸ್ತ್ರೀಯರಿಗೆ ಮತಾಧಿಕಾರ ಕೊಡಬೇಕೆ ಎಂಬ ಪ್ರಶ್ನೆ ಆರಿಗನ್ನಿನಲ್ಲಿ ಒಂದಲ್ಲ ಒಂದು ರೂಪದಲ್ಲಿ ೧೯೦೬, ೧೯೦೮, ೧೯೧೦ರಲ್ಲಿ ಬಂದು ಸೋತಿತು, ೧೯೧೨ರಲ್ಲಿ ಗೆದ್ದಿತು. ಈ ಚುನಾವಣೆಗಳಲ್ಲಿ ಮತ ಹಾಕಿದವರೆಲ್ಲರೂ ಗಂಡಸರು. ಆದರೆ ಪುಸ್ತಿಕೆಯಲ್ಲಿ ಬರೆಯಲು ಮತದಾರರೇ ಆಗಿರಬೇಕೆಂಬ ನಿರ್ಬಂಧವಿರಲಿಲ್ಲ. ಸ್ತ್ರೀ ಮತಾಧಿಕಾರದ ಸಂಘದವರೂ, ಆ ಅಧಿಕಾರ ಬೇಡವೆನ್ನುವ ಸ್ತ್ರೀಯರ ಸಂಘದವರೂ ಹಣ ಕೊಟ್ಟು ತಮ್ಮ ವಾದಗಳನ್ನು ಅಚ್ಚು ಹಾಕಿಸಿದರು. ಮತಗಟ್ಟೆಗೆ ಕಾಲಿಡಲಾಗದವರ ಮಾತು ಮತ ಹಾಕುವವನ ಮನೆಯ ಮೇಜಿನ ಮೇಲೆ ಹೋಗಿ ಕುಳಿತಿತು.

ಆದರೆ ಎರಡು ಪಕ್ಷಗಳ ವಾದಗಳನ್ನು ಒಟ್ಟಿಗೆ ಕೊಟ್ಟ ಮಾತ್ರಕ್ಕೆ ತಿಳಿವಳಿಕೆ ಪೂರ್ಣವಾಗುವುದಿಲ್ಲವೆಂಬುದೂ ಬೇಗನೆ ಕಂಡುಬಂದಿತು. ೧೯೦೮ರ ಒಂದು ನಿದರ್ಶನ ಪ್ರಸಿದ್ಧವಾದುದು. ಕೊಲಂಬಿಯ ನದಿಯ ಕೆಳಭಾಗದಲ್ಲಿ ಬಲೆಯಿಂದ ಸಾಲ್ಮನ್ ಮೀನು ಹಿಡಿಯುವವರು ಮೇಲ್ಭಾಗದಲ್ಲಿ ಚಕ್ರಯಂತ್ರಗಳಿಂದ ಹಿಡಿಯುವವರನ್ನು ತಡೆಯುವ ಮಸೂದೆಯನ್ನು ತಂದರು. ಮೇಲ್ಭಾಗದವರು ಕೆಳಭಾಗದವರನ್ನು ಕಟ್ಟಿಹಾಕುವ ಮಸೂದೆಯನ್ನು ತಂದರು. ಎರಡು ಕಡೆಯವರೂ ಮೀನಿನ ಸಂತತಿಯನ್ನು ಉಳಿಸಬೇಕೆಂದೇ ವಾದಿಸಿದರು. ಮತದಾರರು ಇಬ್ಬರ ಮಾತನ್ನೂ ನಂಬಿ ಎರಡು ಮಸೂದೆಗಳನ್ನೂ ಗೆಲ್ಲಿಸಿದರು! ಪರಿಣಾಮವಾಗಿ ಕಾನೂನಿನ ಅಕ್ಷರದ ಪ್ರಕಾರ ನದಿಯ ಎರಡು ಭಾಗಗಳಲ್ಲಿಯೂ ಮೀನುಗಾರಿಕೆ ನಿಲ್ಲುವಂತಾಯಿತು. ಪ್ರತಿಯೊಂದು ವಾದವೂ ಬಿಡಿಯಾಗಿ ನ್ಯಾಯವಾಗಿಯೇ ತೋರಬಹುದು; ಎರಡನ್ನೂ ಒಪ್ಪಿದರೆ ಏನಾಗುತ್ತದೆಂದು ಹೇಳುವ ಮೂರನೆಯವನೊಬ್ಬನು ಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಎರಡನೆಯ ತೊಂದರೆ ಗಾತ್ರದ್ದು. ೧೯೧೦ರಲ್ಲಿ ಆರಿಗನ್ನಿನ ಮತದಾರರ ಮುಂದೆ ೩೨ ಪ್ರಶ್ನೆಗಳಿದ್ದವು, ೧೯೧೨ರಲ್ಲಿ ೩೭. ಪುಸ್ತಿಕೆ ಇನ್ನೂರು ಪುಟಗಳನ್ನು ಮೀರಿತು. ದಿನದ ದುಡಿಮೆಯನ್ನು ಮುಗಿಸಿ ಬಂದವನು ದೀಪದ ಬೆಳಕಿನಲ್ಲಿ ಇನ್ನೂರು ಪುಟಗಳ ಕಾನೂನಿನ ಭಾಷೆಯನ್ನು ಓದಿ ಮುಗಿಸುವನೆಂದು ನಿರೀಕ್ಷಿಸುವುದು ಅಸಾಧ್ಯ. ಈ ಕೊರತೆಯನ್ನು ಮೊದಲು ತುಂಬಲು ಮುಂದಾದುದು ಖಾಸಗಿ ಸಂಘಗಳು. ೧೯೧೬ರಲ್ಲಿ ಸ್ಥಾಪಿತವಾದ ಪೋರ್ಟ್‌ಲೆಂಡ್ ನಗರದ ಸಿಟಿ ಕ್ಲಬ್ ತನ್ನ ಸದಸ್ಯರ ಉಪಸಮಿತಿಗಳಿಂದ ಇಂಥ ಪ್ರಶ್ನೆಗಳನ್ನು ಪರೀಕ್ಷೆ ಮಾಡಿಸಿ ವರದಿಗಳನ್ನು ಪ್ರಕಟಿಸಿತು. ಸಮಿತಿಯಲ್ಲಿ ಒಮ್ಮತವಿಲ್ಲದಿದ್ದರೆ ಅಲ್ಪಸಂಖ್ಯಾತರ ವರದಿಯೂ ಜೊತೆಯಲ್ಲಿರುತ್ತಿತ್ತು. ೧೯೨೦ರಲ್ಲಿ ಹುಟ್ಟಿದ ಸ್ತ್ರೀ ಮತದಾರರ ಸಂಘವು ಅಭ್ಯರ್ಥಿಗಳ ಪಕ್ಷ ವಹಿಸದೆ ಪ್ರಶ್ನೆಗಳ ಸಾಧಕಬಾಧಕಗಳನ್ನು ಸಂಗ್ರಹಿಸಿ ಹಂಚುವ ಕಾರ್ಯವನ್ನು ಊರೂರುಗಳಲ್ಲಿ ನಡೆಸಿತು.

೫

ಮತದಾರನ ಮುಂದೆ ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಏನಾಗುತ್ತದೆಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದ ಇತಿಹಾಸದಲ್ಲಿ ಕಾಣಬಹುದು. ಅಲ್ಲಿ ನೀರು ಸ್ಪ್ರಿಂಗ್ ವ್ಯಾಲಿ ಎಂಬ ಖಾಸಗಿ ಕಂಪನಿಯ ಕೈಯಲ್ಲಿತ್ತು. ೧೯೦೬ರ ಏಪ್ರಿಲ್ ೧೮ರ ಭೂಕಂಪದಲ್ಲಿ ನೀರಿನ ಕೊಳವೆಗಳು ಒಡೆದು, ಹತ್ತಿದ ಬೆಂಕಿಯನ್ನು ನಂದಿಸಲಾಗದೆ ನಗರದ ಬಹುಭಾಗ ಸುಟ್ಟುಹೋಯಿತು. ಇದಾದ ಮೇಲೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಹೆಚ್‌ಹೆಚೀ ಕಣಿವೆಗೆ ಅಣೆಕಟ್ಟು ಕಟ್ಟಿ ನಗರವೇ ನೀರು ತರಬೇಕೆಂಬ ಯೋಜನೆಗೆ ಬಲ ಬಂದಿತು. ೧೯೦೮ರ ನವೆಂಬರ್ ತಿಂಗಳಿನಲ್ಲಿ ೬ ಲಕ್ಷ ಡಾಲರುಗಳ ಮೊದಲ ಸಾಲವನ್ನು ಮತದಾರರು ಒಪ್ಪಿದರು. ೧೯೧೦ರ ಜನವರಿಯಲ್ಲಿ ೪ ಕೋಟಿ ೫೦ ಲಕ್ಷ ಡಾಲರುಗಳ ಸಾಲವು ಭಾರಿ ಬಹುಮತದಿಂದ ಗೆದ್ದಿತು. ಅದೇ ಚುನಾವಣೆಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಸ್ಪ್ರಿಂಗ್ ವ್ಯಾಲಿ ಕಂಪನಿಯ ಕೆರೆಗಳನ್ನೂ ಕೊಳವೆಗಳನ್ನೂ ನಗರವು ಕೊಳ್ಳಬೇಕೆ ಎಂಬುದು ಆ ಪ್ರಶ್ನೆ. ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬರಲಿಲ್ಲ. ದೂರದ ಕಣಿವೆಯಿಂದ ನೀರು ತರಲು ಒಪ್ಪಿದವರು ಆ ನೀರನ್ನು ಮನೆಗಳಿಗೆ ಹಂಚುವ ಕೊಳವೆಗಳನ್ನು ಕೊಳ್ಳಲು ಒಪ್ಪಲಿಲ್ಲ! ಕಂಪನಿಯನ್ನು ಕೊಳ್ಳುವ ಪ್ರಶ್ನೆ ೧೯೧೫, ೧೯೨೧, ೧೯೨೭ರಲ್ಲಿ ಮತ್ತೆ ಬಂದು ಸೋತಿತು, ೧೯೨೮ರಲ್ಲಿ ಗೆದ್ದಿತು. ೧೯೩೦ರಲ್ಲಿ ಕಂಪನಿ ನಗರದ ಸ್ವತ್ತಾಯಿತು. ೧೯೩೪ರ ಅಕ್ಟೋಬರ್ ತಿಂಗಳಿನಲ್ಲಿ ಹೆಚ್‌ಹೆಚೀ ನೀರು ನಗರದ ಜಲಾಶಯವನ್ನು ಮುಟ್ಟಿತು.

ವಿದ್ಯುತ್ತಿನ ಕಥೆ ಇದಕ್ಕಿಂತ ಬೇರೆಯಾಯಿತು. ಕಣಿವೆಯನ್ನು ನಗರಕ್ಕೆ ಬಿಟ್ಟುಕೊಟ್ಟ ೧೯೧೩ರ ರೇಕರ್ ಕಾನೂನು ಅಲ್ಲಿ ಹುಟ್ಟುವ ವಿದ್ಯುತ್ತನ್ನು ಮರುಮಾರಾಟಕ್ಕಾಗಿ ಖಾಸಗಿ ಕಂಪನಿಗೆ ಕೊಡಕೂಡದೆಂದು ವಿಧಿಸಿತ್ತು. ಅದರ ಪ್ರಕಾರ ನಡೆಯಬೇಕಾದರೆ ನಗರವು ತಂತಿಗಳ ಜಾಲವನ್ನು ಕೊಳ್ಳಬೇಕು ಅಥವಾ ಕಟ್ಟಬೇಕು. ಇದಕ್ಕೆ ಬೇಕಾದ ಸಾಲವನ್ನು ೧೯೨೭ರಿಂದ ೧೯೪೧ರವರೆಗೆ ಎಂಟು ಬಾರಿ ಮತದಾರರ ಮುಂದಿಡಲಾಯಿತು. ಎಂಟು ಬಾರಿಯೂ ಅದು ಸೋತಿತು. ಜಾಲದ ಒಡೆತನ ಹೊಂದಿದ್ದ ವಿದ್ಯುತ್ ಕಂಪನಿಯು ವಿರೋಧ ಪ್ರಚಾರದಲ್ಲಿ ಬಲವಾಗಿ ತೊಡಗಿತ್ತು. ಒಕ್ಕೂಟದ ಸರ್ವೋಚ್ಚ ನ್ಯಾಯಾಲಯವು ೧೯೪೦ರಲ್ಲಿ ನಗರವು ಕಂಪನಿಯೊಡನೆ ಮಾಡಿಕೊಂಡಿದ್ದ ಏರ್ಪಾಟು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತ ಮೇಲೂ, ಮರುವರ್ಷ ಮತದಾರರು 'ಅಲ್ಲ' ಎಂದೇ ಹೇಳಿದರು. ಮತದಾರರು ತಪ್ಪಿದರೆಂದಾಗಲಿ ಸರಿಯಾಗಿ ನಡೆದರೆಂದಾಗಲಿ ಇದರಿಂದ ನಿಶ್ಚಯಿಸಲಾಗದು. ಆದರೆ ಪ್ರಶ್ನೆಯ ಒಂದು ಕಡೆ ಕಂಪನಿಯ ಹಣವೂ ಇನ್ನೊಂದು ಕಡೆ ನಗರದ ಅಧಿಕಾರವೂ ನಿಂತಾಗ, ಪೌರನಿಗೆ ಯಾರ ಕಡೆಗೂ ವಾಲದ ಲೆಕ್ಕದ ಮಾತೊಂದು ಬೇಕೆಂಬುದಂತೂ ನಿಶ್ಚಯ.

೬

ಹೀಗಿರಲು ಮತ್ತೊಂದು ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಕಂಪನಿಗಳಿಗೂ ಪತ್ರಿಕೆಗಳಿಗೂ ಸ್ವಂತ ಹಿತವಿರುವುದು ಸರಿ; ನಗರದ ಆಡಳಿತಕ್ಕೆ ಇಲ್ಲವೆ? ಸಾಲ ಬೇಕೆಂದು ಕೇಳುವುದು ಆಡಳಿತವೇ. ತೆರಿಗೆಯಿಂದ ನಡೆಯುವುದೂ ಆಡಳಿತವೇ. ಹಾಗಿದ್ದರೆ ಅದು ಜನರಿಗೆ ಕೊಡುವ ತಿಳಿವಳಿಕೆಯನ್ನು ಪಕ್ಷಪಾತವಿಲ್ಲದ್ದೆಂದು ಹೇಗೆ ಎಣಿಸುವುದು? ವಿರೋಧಿಸುವವನು ಕೊಟ್ಟ ತೆರಿಗೆಯ ಹಣದಿಂದಲೇ ಅವನ ವಿರುದ್ಧ ಪ್ರಚಾರ ಮಾಡುವುದು ನ್ಯಾಯವೆ?

ಈ ವಿಷಯದಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ೧೯೭೬ರಲ್ಲಿ ಸ್ಟ್ಯಾನ್ಸನ್ ಮತ್ತು ಮಾಟ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಮುಖ್ಯವಾದುದು. ೧೯೭೪ರ ಉದ್ಯಾನಗಳ ಸಾಲದ ಪ್ರಶ್ನೆಯಲ್ಲಿ ಸಂಸ್ಥಾನದ ಉದ್ಯಾನ ಇಲಾಖೆಯು ಸಾರ್ವಜನಿಕ ಹಣದಿಂದ ಪ್ರಚಾರ ಮಾಡಿತೆಂಬುದು ಅಲ್ಲಿನ ದೂರು. ಸಾರ್ವಜನಿಕ ಹಣವನ್ನು ಒಂದು ಪಕ್ಷದ ಪ್ರಚಾರಕ್ಕೆ ಬಳಸಕೂಡದು, ಆದರೆ ಸಂಗತಿಗಳನ್ನು ನ್ಯಾಯವಾಗಿ ಮತದಾರರಿಗೆ ತಿಳಿಸಲು ಬಳಸಬಹುದು ಎಂದು ನ್ಯಾಯಾಲಯವು ಗೆರೆ ಎಳೆಯಿತು. ಗೆರೆ ಎಲ್ಲಿ ಬೀಳುತ್ತದೆಂಬುದು ಸಂದೇಹಕ್ಕೆ ಎಡೆಯಾದಾಗ ಬರಹದ ಶೈಲಿ, ಧಾಟಿ, ಕಾಲ ಇವುಗಳನ್ನು ನೋಡಬೇಕೆಂದಿತು. ಸಲೀನಸ್ ನಗರದ ತೆರಿಗೆಯೊಂದನ್ನು ರದ್ದುಗೊಳಿಸುವ ೨೦೦೨ರ ಪ್ರಶ್ನೆಯಿಂದ ಹುಟ್ಟಿದ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ೨೦೦೯ರಲ್ಲಿ ಮತ್ತೆ ಪರೀಕ್ಷಿಸಲಾಯಿತು. ತೆರಿಗೆ ನಿಂತರೆ ಯಾವ ಯಾವ ಸೇವೆಗಳನ್ನು ನಿಲ್ಲಿಸಬೇಕಾದೀತೆಂದು ನಗರವು ಪ್ರಕಟಿಸಿದ್ದು ಪ್ರಚಾರವಲ್ಲ, ತಿಳಿವಳಿಕೆ ಎಂದು ತೀರ್ಪಾಯಿತು.

ಈ ಅನುಭವಗಳೆಲ್ಲ ಸೇರಿ ಇಂದಿನ ಪದ್ಧತಿ ರೂಪುಗೊಂಡಿದೆ. ೧೯೭೮ರ ಹದಿಮೂರನೆಯ ಪ್ರಸ್ತಾವ ಮತ್ತು ೧೯೯೬ರ ಇನ್ನೂರ ಹದಿನೆಂಟನೆಯ ಪ್ರಸ್ತಾವ ಸಾಲಗಳಿಗೆ ಮಾತ್ರವಲ್ಲದೆ ಸ್ಥಳೀಯ ತೆರಿಗೆಗಳಿಗೂ ಮತದಾರರ ಒಪ್ಪಿಗೆ ಬೇಕೆಂದು ಮಾಡಿದ ಮೇಲೆ ಅದರ ಮಹತ್ತ್ವ ಇನ್ನೂ ಹೆಚ್ಚಿತು. ಕ್ಯಾಲಿಫೋರ್ನಿಯದ ನಗರಗಳಲ್ಲಿ ಮತಪತ್ರದ ಮೇಲಿನ ಪ್ರಶ್ನೆ ೭೫ ಪದಗಳನ್ನು ಮೀರಬಾರದು. ನಗರದ ನ್ಯಾಯವಾದಿಯ ನಿಷ್ಪಕ್ಷಪಾತ ವಿವರಣೆಗೆ ೫೦೦ ಪದಗಳ ಮಿತಿ, ಪರ ವಿರೋಧ ವಾದಗಳಿಗೆ ೩೦೦, ಪ್ರತಿವಾದಗಳಿಗೆ ೨೫೦. ಅಚ್ಚಿಗೆ ಹೋಗುವ ಮೊದಲು ಇವೆಲ್ಲವನ್ನೂ ಹತ್ತು ದಿನ ಸಾರ್ವಜನಿಕರ ಪರಿಶೀಲನೆಗೆ ಇಡಬೇಕು. ಅದರಲ್ಲಿ ಸುಳ್ಳು ಅಥವಾ ದಾರಿ ತಪ್ಪಿಸುವ ಮಾತಿದೆಯೆಂದು ತೋರಿದರೆ ಯಾವ ಮತದಾರನಾದರೂ ನ್ಯಾಯಾಲಯಕ್ಕೆ ಹೋಗಿ ತೆಗೆಸಬಹುದು.

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇದರ ಜೊತೆಗೆ ಬೇರೆ ಕಟ್ಟಳೆಗಳುಂಟು. ಐವರು ಸದಸ್ಯರ ಒಂದು ಸಮಿತಿ ಪ್ರತಿಯೊಂದು ಪ್ರಶ್ನೆಯ ಸಾರಾಂಶವನ್ನು ಬಹಿರಂಗ ಸಭೆಯಲ್ಲಿ ಕುಳಿತು ಬರೆಯುತ್ತದೆ. ಈಗಿನ ಸ್ಥಿತಿ ಏನು, ಪ್ರಸ್ತಾವ ಏನು, 'ಹೌದು' ಎಂದರೆ ಏನರ್ಥ, 'ಅಲ್ಲ' ಎಂದರೆ ಏನರ್ಥ ಎಂಬ ನಾಲ್ಕು ಭಾಗಗಳು ಆ ಸಾರಾಂಶಕ್ಕೆ. ಆದಷ್ಟು ಮಟ್ಟಿಗೆ ಎಂಟನೆಯ ತರಗತಿಯವರು ಓದಿ ತಿಳಿಯುವಂತೆ ಅದರ ಭಾಷೆಯಿರಬೇಕೆಂದು ನಿಯಮ. ನಗರದ ಬೊಕ್ಕಸದ ಮೇಲೆ ಆಗುವ ಪರಿಣಾಮವನ್ನು ಲೆಕ್ಕಾಧಿಕಾರಿ ಬರೆಯುತ್ತಾನೆ. ಪರವಾಗಿ ಒಂದು, ವಿರೋಧವಾಗಿ ಒಂದು ವಾದವನ್ನು ವೆಚ್ಚವಿಲ್ಲದೆ ಅಚ್ಚು ಹಾಕುತ್ತಾರೆ. ಉಳಿದವರು ಹಣ ಕೊಟ್ಟು ಅಚ್ಚು ಹಾಕಿಸಬಹುದು. ಆದರೆ ಆ ಹಣ ನಿಜವಾಗಿ ಎಲ್ಲಿಂದ ಬಂದಿತೆಂಬುದು ವಾದದ ಕೆಳಗೇ ಅಚ್ಚಾಗಬೇಕು. ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಚೀನೀ, ಸ್ಪ್ಯಾನಿಷ್, ಫಿಲಿಪಿನೊ ಭಾಷೆಗಳಲ್ಲಿಯೂ ದೊರೆಯುತ್ತದೆ.

ಈ ಕಟ್ಟಳೆಗಳನ್ನು ೧೯೦೫ರ ಲಾಸ್ ಏಂಜಲೀಸ್ ಪ್ರಸಂಗದ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದೊಂದರ ಕಾರಣವೂ ತಿಳಿಯುತ್ತದೆ. ಅಂದು ಹರ್ಸ್ಟ್‌ನ ಹಗೆತನದಿಂದ ಹೊರಬಂದ ಪಾಲುದಾರರ ಹೆಸರುಗಳ ಸ್ಥಾನದಲ್ಲಿ ಇಂದು ಹಣದ ಮೂಲವನ್ನು ತಿಳಿಸುವ ಸಾಲು ನಿಂತಿದೆ. ಅಂದು ಮಾತುಕತೆಯ ನಂತರ ಮೌನವಾದ ವಿರೋಧದ ಸ್ಥಾನದಲ್ಲಿ ಇಂದು ಯಾರೂ ಕೊಂಡುಕೊಳ್ಳಲಾಗದ ಒಂದು ಪುಟವಿದೆ. ಪತ್ರಿಕೆ, ಅಂಚೆ, ದೂರದರ್ಶನ, ಅಂತರ್ಜಾಲಗಳಲ್ಲಿ ಹಣವಂತರ ಪ್ರಚಾರ ಪುಸ್ತಿಕೆಗಿಂತ ಎಷ್ಟೋ ಪಾಲು ಹೆಚ್ಚಾಗಿ ಹರಿಯುತ್ತದೆಂಬುದು ನಿಜ. ಆದರೂ ಅದನ್ನು ಒರೆಹಚ್ಚಿ ನೋಡಲು ಒಂದು ಕಲ್ಲು ಪ್ರತಿಯೊಬ್ಬ ಮತದಾರನ ಮನೆಯಲ್ಲಿಯೂ ಇದೆ.

೭

ಇಷ್ಟಾದರೂ ಈ ಇತಿಹಾಸದಲ್ಲಿ ತುಂಬದ ಒಂದು ಎಡೆ ಉಳಿದಿದೆ. ೧೯೦೫ರಲ್ಲಿ ಓವೆನ್ಸ್ ಕಣಿವೆಯ ರೈತರಿಗೆ ಲಾಸ್ ಏಂಜಲೀಸ್ ನಗರದ ಮತಪತ್ರ ದೊರೆಯಲಿಲ್ಲ. ಅವರು ಆ ನಗರದ ಪೌರರಲ್ಲ. ಅವರಿಗಿಂತ ಮೊದಲೇ ಆ ನೀರಿನಿಂದ ನೆ಼ಲವನ್ನು ತೋಯಿಸಿ ಬದುಕಿದ್ದ ಪಾಯೂಟ್ ಜನರಿಗಂತೂ ಯಾರೂ ಏನನ್ನೂ ಕೇಳಲಿಲ್ಲ. ನೀರು ಹೋದ ಮೇಲೆ ಓವೆನ್ಸ್ ಸರೋವರ ಒಣಗಿತು. ೧೯೨೪ರ ನವೆಂಬರ್ ತಿಂಗಳಿನಲ್ಲಿ ಕಣಿವೆಯ ಜನರು ಕಾಲುವೆಯ ತೂಬನ್ನು ಹಿಡಿದು ನೀರನ್ನು ಹೊರಕ್ಕೆ ಬಿಟ್ಟರು. ಮುಂದಿನ ವರ್ಷಗಳಲ್ಲಿ ಸಿಡಿಮದ್ದಿನಿಂದ ಕಾಲುವೆಯನ್ನು ಹಲವು ಬಾರಿ ಒಡೆದರು. ಮತಪತ್ರದಲ್ಲಿಯೂ ಪತ್ರಿಕೆಯಲ್ಲಿಯೂ ಎಡೆ ಸಿಗದ ವಾದವು ಸಿಡಿಮದ್ದಿನ ರೂಪವನ್ನು ತಾಳಿತು.

ಹೆಚ್‌ಹೆಚೀ ಕಣಿವೆಯ ವಿಷಯದಲ್ಲಿ ಜಾನ್ ಮ್ಯೂರ್ ೧೯೦೯ರಲ್ಲಿ ಕರಪತ್ರಗಳನ್ನು ಹಂಚಿ ಇಡೀ ದೇಶಕ್ಕೆ ಮೊರೆಯಿಟ್ಟನು. ಆ ಉದ್ಯಾನ ದೇಶದ ಸ್ವತ್ತು. ಸಾಲದ ಪ್ರಶ್ನೆಗೆ ಉತ್ತರ ಕೊಟ್ಟವರು ಒಂದು ನಗರದ ಮತದಾರರು. ಕಣಿವೆಯಿಂದ ನೀರನ್ನು ಬಿಡಿಸುವ ಬಗೆಯನ್ನು ಅಭ್ಯಾಸ ಮಾಡಬೇಕೆ ಎಂಬ ಪ್ರಶ್ನೆ ೨೦೧೨ರ ನವೆಂಬರ್ ತಿಂಗಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತಪತ್ರದ ಮೇಲೆ ಬಂದಿತು. ಸಾರಾಂಶ, ಲೆಕ್ಕ, ಪರ ವಿರೋಧ ವಾದಗಳು ಎಲ್ಲವೂ ಪುಸ್ತಿಕೆಯಲ್ಲಿದ್ದವು. ನೂರಕ್ಕೆ ಸುಮಾರು ೭೭ ಮಂದಿ 'ಅಲ್ಲ' ಎಂದರು. ಅವರು ತಿಳಿಯದೆ ಹೇಳಿದರೆನ್ನುವಂತಿಲ್ಲ. ಆ ನೀರನ್ನು ಕುಡಿಯುವವರು ತಿಳಿದೇ ಹೇಳಿದ ಮಾತು ಅದು.

ಮತದಾರನಿಗೆ ತಿಳಿವಳಿಕೆ ಕೊಡುವುದೆಂದರೆ ಸಂಗತಿಗಳ ರಾಶಿಯನ್ನು ಅವನ ಮುಂದೆ ಸುರಿಯುವುದಲ್ಲವೆಂಬುದು ಈ ನೂರು ವರ್ಷಗಳ ಅನುಭವದ ಸಾರ. ಹೇಳುವವನು ಯಾರು, ಅವನ ಹಿತವೇನು, ಅವನ ಮಾತನ್ನು ಒಪ್ಪದವನು ಏನೆನ್ನುತ್ತಾನೆ, ಒಪ್ಪಿದರೆ ಮರುದಿನ ಏನಾಗುತ್ತದೆ ಎಂಬ ನಾಲ್ಕು ಮಾತುಗಳನ್ನು ಮತಗಟ್ಟೆಗೆ ಹೋಗುವ ಮೊದಲೇ ಸರಳವಾದ ನುಡಿಯಲ್ಲಿ ತಿಳಿಸಿಕೊಡುವುದೇ ಅದರ ಅರ್ಥ. ಆರಿಗನ್ನಿನ ಹಳೆಯ ಪುಸ್ತಿಕೆಯಲ್ಲಿ ಮತವಿಲ್ಲದ ಸ್ತ್ರೀಯರಿಗೂ ಪುಟ ದೊರೆತಿತ್ತು. ಊರಿನ ಎಲ್ಲೆಯ ಹೊರಗಿದ್ದು ಊರಿನ ನಿರ್ಣಯದ ಭಾರವನ್ನು ಹೊರುವವರಿಗೂ ಅಂಥದೊಂದು ಪುಟವನ್ನು ಕಾನೂನಿನಿಂದಲೇ ಮೀಸಲಿಟ್ಟರೆ, ಅವರಿಗೆ ಮತ ಕೊಟ್ಟಂತಾಗದು. ಆದರೆ 'ಹೌದು' ಎಂದು ಗುರುತು ಹಾಕುವ ಪೌರನಿಗೆ ತನ್ನ ಉತ್ತರ ಯಾರ ಹೊಲವನ್ನು ಮುಟ್ಟುತ್ತದೆಂಬುದು ತಿಳಿದಿರುತ್ತದೆ.